ಉದ್ಯಮಗಳು ಕೂಡಿ ಹೊರಬೇಕಾದ ಹೊಣೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಪೋಷಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಈ ಎರಡು ದಿನಗಳಲ್ಲಿ ಶಾಲೆಯ ಇತಿಹಾಸವನ್ನು ಕುರಿತೂ, ಗಡಿಯಾಚೆಯ ಈ ಹೊಸೂರು ಸೀಮೆಯಲ್ಲಿ ಕನ್ನಡದ ಪಾಠವನ್ನು ನಿಲ್ಲಗೊಡದೆ ನಡೆಸಿಕೊಂಡು ಬಂದ ಮಹನೀಯರನ್ನು ಕುರಿತೂ ಅನೇಕರು ಮಾತನಾಡಿದ್ದಾರೆ. ನಮಗೆ ವಹಿಸಿರುವ ವಿಷಯ ಸ್ವಲ್ಪ ಬೇರೆಯದು. ಉದ್ಯಮ ಸಂಸ್ಥೆಗಳ ಸಾಮಾಜಿಕ ಹೊಣೆಗಾರಿಕೆ, ಅದರಲ್ಲಿಯೂ ಒಂದೇ ಉದ್ಯಮದ ಹಲವು ಸಂಸ್ಥೆಗಳು ಕೂಡಿ ಆ ಹೊಣೆಯನ್ನು ಹೊರುವ ಬಗೆ. ಶಾಲೆಯ ಉತ್ಸವಕ್ಕೂ ಈ ವಿಷಯಕ್ಕೂ ಏನು ಸಂಬಂಧವೆಂದು ಕೆಲವರಿಗೆ ಅನ್ನಿಸಬಹುದು. ಈ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ರಾಗಿ, ಹುರುಳಿ, ಹಿಪ್ಪುನೇರಳೆಗಳ ನಾಡಾಗಿದ್ದ ಈ ಸೀಮೆಗೆ 1970ರ ದಶಕದಲ್ಲಿ ಕೈಗಾರಿಕಾ ವಸಾಹತು ಬಂದ ಮೇಲೆ ನಮ್ಮ ಶಾಲೆಯ ಮಕ್ಕಳ ಮನೆಗಳ ಬದುಕೇ ಬದಲಾಯಿತು. ಇಂದು ಬೆಳಿಗ್ಗೆ ಶಾಲೆಯ ಗಂಟೆ ಬಾರಿಸುವುದಕ್ಕೆ ಮುನ್ನವೇ ಎಷ್ಟೋ ಮಕ್ಕಳ ತಂದೆಯೋ ತಾಯಿಯೋ ಕಾರ್ಖಾನೆಯ ಬಸ್ಸನ್ನು ಹತ್ತಿ ಹೋಗಿರುತ್ತಾರೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಯಂತ್ರದ ಮುಂದೆ ನಿಂತು ದುಡಿಯುವವರಿದ್ದಾರೆ, ಮೇಲ್ವಿಚಾರಕರಿದ್ದಾರೆ, ಕಚೇರಿಯಲ್ಲಿ ಕುಳಿತು ಲೆಕ್ಕ ನೋಡುವವರೂ ಇದ್ದಾರೆ. ಶಾಲೆಗೆ ನೆರವು ನೀಡಿದ ಸಂಸ್ಥೆಗಳ ಪ್ರತಿನಿಧಿಗಳೂ ಇಂದು ಈ ಸಭೆಯಲ್ಲಿದ್ದಾರೆ. ಅವರೆಲ್ಲರ ಎದುರಿನಲ್ಲಿಯೇ ಈ ಮಾತನ್ನು ಆಡುವುದು ಸರಿಯೆಂದು ನಾವು ಭಾವಿಸಿದ್ದೇವೆ.

ಮೊದಲಿಗೆ ನಮ್ಮ ಶಾಲೆಯಲ್ಲೇ ನಡೆದ ಒಂದು ಪ್ರಸಂಗ. ಕೆಲವು ವರ್ಷಗಳ ಹಿಂದೆ ಒಂದೇ ವರ್ಷದಲ್ಲಿ ಮೂರು ಕಂಪನಿಗಳು ನಮಗೆ ಕುಡಿಯುವ ನೀರಿನ ಶುದ್ಧೀಕರಣ ಯಂತ್ರಗಳನ್ನು ಕೊಟ್ಟವು. ಒಬ್ಬರು ಕೊಟ್ಟದ್ದು ಮತ್ತೊಬ್ಬರಿಗೆ ತಿಳಿದಿರಲಿಲ್ಲ. ಮೂರು ಯಂತ್ರಗಳು, ಮೂರು ನಾಮಫಲಕಗಳು, ಮೂರು ಛಾಯಾಚಿತ್ರಗಳು. ಆ ವರ್ಷ ನಮಗೆ ನಿಜವಾಗಿ ಬೇಕಾಗಿದ್ದುದು ಹೆಣ್ಣುಮಕ್ಕಳ ಶೌಚಾಲಯ. ಅದನ್ನು ಕಟ್ಟಿಸಿಕೊಡುವಷ್ಟು ಹಣ ಮೂವರ ಬಳಿಯೂ ಬಿಡಿಬಿಡಿಯಾಗಿ ಇರಲಿಲ್ಲ. ಮರುವರ್ಷ ಮೂವರನ್ನೂ ಒಂದೇ ದಿನ ಶಾಲೆಗೆ ಕರೆದು, ಒಂದೇ ಮೇಜಿನ ಸುತ್ತ ಕೂರಿಸಿ, ನಮ್ಮ ಅಗತ್ಯಗಳ ಪಟ್ಟಿಯನ್ನು ಮುಂದಿಟ್ಟೆವು. ಶೌಚಾಲಯ ಕಟ್ಟಿ ಮುಗಿಯಿತು. ಕೂಡಿದರೆ ಆಗುವ ಕೆಲಸ ಬಿಡಿಯಾಗಿ ಆಗುವುದಿಲ್ಲವೆಂಬ ಸಾಮಾನ್ಯ ಸತ್ಯವನ್ನು ನಾವು ಹಾಗೆ ಕಂಡುಕೊಂಡೆವು.

ಆದರೆ ಕೂಡುವುದೊಂದೇ ಸಾಕೆ? ನಾವು ಮಕ್ಕಳಿಗೆ ಹೇಳುವ ಒಂದು ಹಳೆಯ ಕಥೆ ನಿಮಗೆಲ್ಲ ಗೊತ್ತು. ಅರಸನೊಬ್ಬ ಕೊಳವೊಂದನ್ನು ತೋಡಿಸಿ, ರಾತ್ರಿ ಪ್ರತಿ ಮನೆಯವರೂ ಒಂದೊಂದು ಕೊಡ ಹಾಲನ್ನು ಅದಕ್ಕೆ ಸುರಿಯಬೇಕೆಂದು ಡಂಗುರ ಸಾರಿಸಿದ. ಅಷ್ಟು ಹಾಲಿನಲ್ಲಿ ನನ್ನ ಒಂದು ಕೊಡ ನೀರು ಯಾರಿಗೆ ತಿಳಿದೀತು ಎಂದು ಪ್ರತಿಯೊಬ್ಬರೂ ಯೋಚಿಸಿದರು. ಬೆಳಗಾದಾಗ ಕೊಳ ತುಂಬಿತ್ತು. ಅದರಲ್ಲಿ ಇದ್ದುದೆಲ್ಲ ನೀರು. ಕಂಪನಿಗಳು ಕೂಡಿ ಮಾಡಿಕೊಂಡ ಒಪ್ಪಂದಗಳ ಚರಿತ್ರೆಯನ್ನು ಓದಿದಾಗ ನಮಗೆ ಮತ್ತೆ ಮತ್ತೆ ನೆನಪಾದುದು ಈ ಕಥೆ. ಮಕ್ಕಳಿಗೆ ಪರಿಚಿತವಾದ ಮೂರು ವಸ್ತುಗಳ ಮೂಲಕ ಆ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ: ಚಾಕಲೇಟು, ಕಾಲ್ಚೆಂಡು ಮತ್ತು ಅಂಗಿ.

ಚಾಕಲೇಟಿಗೆ ಬೇಕಾದ ಕೋಕೋ ಬೀಜದ ಅರ್ಧಕ್ಕಿಂತ ಹೆಚ್ಚು ಭಾಗ ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ ಬರುತ್ತದೆ. ಅಲ್ಲಿಯ ತೋಟಗಳಲ್ಲಿ ಮಚ್ಚು ಹಿಡಿದು ಕಾಯಿ ಒಡೆಯುವ, ಭಾರದ ಮೂಟೆ ಹೊರುವ ಮಕ್ಕಳ ಸುದ್ದಿ 2000ದ ಸುಮಾರಿಗೆ ಹೊರಜಗತ್ತಿಗೆ ತಿಳಿಯಿತು. ಅಮೆರಿಕದ ಸಂಸತ್ತಿನಲ್ಲಿ ಕಾನೂನು ತರುವ ಮಾತು ಎದ್ದಿತು. ಆಗ ದೊಡ್ಡ ಚಾಕಲೇಟು ಕಂಪನಿಗಳು ಮುಂದೆ ಬಂದು, ಕಾನೂನು ಬೇಡ, ನಾವೇ ಕೂಡಿ ಸರಿಪಡಿಸುತ್ತೇವೆ ಎಂದವು. 2001ರ ಸೆಪ್ಟೆಂಬರಿನಲ್ಲಿ ಒಂದು ಒಡಂಬಡಿಕೆಗೆ ಸಹಿ ಬಿತ್ತು. ಸೆನೆಟರ್ ಟಾಮ್ ಹಾರ್ಕಿನ್ ಮತ್ತು ಸಂಸದ ಎಲಿಯಟ್ ಎಂಗೆಲ್ ಅವರ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. 2005ರ ಜುಲೈ ಒಳಗೆ ಕೋಕೋ ಕೃಷಿಯ ಪ್ರಮಾಣೀಕರಣ ಆಗಬೇಕೆಂದು ಅದರಲ್ಲಿ ಗಡುವಿತ್ತು. 2005 ಬಂದಿತು, ಆಗಲಿಲ್ಲ. ಗಡುವು 2008ಕ್ಕೆ ಹೋಯಿತು, ಅಲ್ಲಿಂದ 2010ಕ್ಕೆ ಹೋಯಿತು. ಆ ಬಳಿಕ ಗುರಿಯನ್ನೇ ಬದಲಿಸಿ, 2020ರೊಳಗೆ ಬಾಲದುಡಿಮೆಯ ಅತಿ ಕ್ರೂರ ರೂಪಗಳನ್ನು ಶೇಕಡ 70ರಷ್ಟು ಕಡಿಮೆ ಮಾಡುವುದೆಂದರು. 2020ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದು ಪ್ರಕಟಿಸಿದ ವರದಿಯ ಪ್ರಕಾರ ಆ ಎರಡು ದೇಶಗಳ ಕೋಕೋ ಪ್ರದೇಶಗಳಲ್ಲಿ ಕೋಕೋ ಕೆಲಸಕ್ಕೆ ಸಂಬಂಧಿಸಿದ ಬಾಲದುಡಿಮೆಯಲ್ಲಿ ತೊಡಗಿದ್ದ ಮಕ್ಕಳ ಸಂಖ್ಯೆ ಸುಮಾರು 15.6 ಲಕ್ಷ.

ಇದಕ್ಕೆ ಬಡತನ, ರೈತನಿಗೆ ದೊರೆಯುವ ಅಲ್ಪ ಬೆಲೆ, ಹತ್ತಿರದಲ್ಲಿ ಶಾಲೆಗಳಿಲ್ಲದಿರುವುದು ಮೊದಲಾದ ಹಲವು ಕಾರಣಗಳಿವೆ. ಕಂಪನಿಗಳು ಏನನ್ನೂ ಮಾಡಲಿಲ್ಲವೆಂದು ಹೇಳುವುದು ತಪ್ಪಾದೀತು. ಶಾಲೆಗಳನ್ನು ಕಟ್ಟಿಸಿದ್ದಾರೆ, ತೋಟಗಳ ಮೇಲ್ವಿಚಾರಣೆಯ ವ್ಯವಸ್ಥೆಯನ್ನೂ ಮಾಡಿದ್ದಾರೆ. ಆದರೆ ಒಡಂಬಡಿಕೆಯ ರಚನೆಯಲ್ಲಿಯೇ ಒಂದು ಕೊರತೆಯಿತ್ತು. ಗಡುವು ತಪ್ಪಿದವರನ್ನು ಕೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಮಾತು ಕೊಟ್ಟವರು ಎಲ್ಲರೂ ಆದುದರಿಂದ ಮಾತು ತಪ್ಪಿದವರು ಇಂಥವರೇ ಎಂದು ಬೆರಳು ತೋರಿಸಲು ಆಗಲಿಲ್ಲ.

ಎರಡನೆಯದು ಕಾಲ್ಚೆಂಡು. ಪಾಕಿಸ್ತಾನದ ಸಿಯಾಲ್‌ಕೋಟ್ ನಗರವೂ ಅದರ ಸುತ್ತಲಿನ ಹಳ್ಳಿಗಳೂ ತಲೆಮಾರುಗಳಿಂದ ಚೆಂಡು ಹೊಲಿಯುವ ಕಸುಬಿಗೆ ಹೆಸರಾದವು. ಹಿಂದಿನ ಕಾಲದ ಚೆಂಡನ್ನು ನೀವು ನೋಡಿದ್ದೀರಿ: ಆರು ಬದಿಯ 20 ತುಂಡುಗಳು, ಐದು ಬದಿಯ 12 ತುಂಡುಗಳು, ಒಟ್ಟು 32 ತುಂಡುಗಳನ್ನು ಕೈಯಲ್ಲಿ ಹೊಲಿದು ಕೂಡಿಸಬೇಕು. ಕಂಪನಿಯವರು ತುಂಡುಗಳನ್ನು ಗುತ್ತಿಗೆದಾರನಿಗೆ ಕೊಡುತ್ತಿದ್ದರು. ಅವನು ಹಳ್ಳಿಯ ಮನೆಗಳಿಗೆ ಹಂಚುತ್ತಿದ್ದ. ಮನೆಯಲ್ಲಿ ತಾಯಿಯೊಡನೆ ಮಕ್ಕಳೂ ಕುಳಿತು ಹೊಲಿಯುತ್ತಿದ್ದರು. ಸಾವಿರಾರು ಮನೆಗಳಲ್ಲಿ ಹರಡಿಹೋಗಿದ್ದ ಈ ಕೆಲಸವನ್ನು ಯಾವ ಒಂದು ಕಂಪನಿಯೂ ಒಂಟಿಯಾಗಿ ಪರಿಶೀಲಿಸುವಂತಿರಲಿಲ್ಲ. ಒಂದೇ ಮನೆಯಲ್ಲಿ ಇಂದು ಒಬ್ಬರ ಚೆಂಡು, ನಾಳೆ ಮತ್ತೊಬ್ಬರ ಚೆಂಡು. 1996ರಲ್ಲಿ ಅಮೆರಿಕದ ಪತ್ರಿಕೆಯೊಂದು ಚೆಂಡು ಹೊಲಿಯುತ್ತಿದ್ದ ಬಾಲಕನ ಚಿತ್ರವನ್ನು ಪ್ರಕಟಿಸಿದಾಗ ದೊಡ್ಡ ಕಂಪನಿಗಳಿಗೆಲ್ಲ ಒಟ್ಟಿಗೆ ಮುಜುಗರವಾಯಿತು.

1997ರ ಫೆಬ್ರುವರಿಯಲ್ಲಿ ಅಟ್ಲಾಂಟಾ ನಗರದಲ್ಲಿ ಒಂದು ಒಪ್ಪಂದವಾಯಿತು. ಸಿಯಾಲ್‌ಕೋಟಿನ ವಾಣಿಜ್ಯ ಮಂಡಳಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನಿಸೆಫ್ ಅದಕ್ಕೆ ಸಹಿ ಹಾಕಿದವು. ಕೆಲಸವನ್ನು ಮನೆಗಳಿಂದ ನೋಂದಾಯಿತ ಹೊಲಿಗೆ ಕೇಂದ್ರಗಳಿಗೆ ತರುವುದು, ಕಂಪನಿಗೆ ಸೇರದ ಹೊರಗಿನವರು ಯಾವ ದಿನ ಬೇಕಾದರೂ ಹೋಗಿ ಅವನ್ನು ನೋಡುವುದು, ಕೆಲಸದಿಂದ ಬಿಡಿಸಿದ ಮಕ್ಕಳನ್ನು ಶಾಲೆಗೆ ಸೇರಿಸುವುದು ಎಂಬುದು ಅದರ ಕ್ರಮ. ಸ್ಪರ್ಧಿಗಳಾದ ಕಂಪನಿಗಳು ಒಂದೇ ಪರಿವೀಕ್ಷಕರನ್ನು ಒಪ್ಪಿಕೊಂಡದ್ದು ಅಂದಿಗೆ ಹೊಸ ಸಂಗತಿ. ಬಹಳ ಮಕ್ಕಳು ಚೆಂಡಿನ ಹೊಲಿಗೆಯಿಂದ ಬಿಡುಗಡೆ ಪಡೆದರು.

ಆದರೆ ಈ ಒಪ್ಪಂದದಲ್ಲಿ ಒಂದು ಧ್ವನಿ ಕೇಳಿಸಿರಲಿಲ್ಲ. ಮನೆಯಲ್ಲಿ ಕುಳಿತು ಹೊಲಿಯುತ್ತಿದ್ದ ಹೆಂಗಸರು ಊರ ಹೊರಗಿನ ಕೇಂದ್ರಕ್ಕೆ ಹೋಗಿ ಗಂಡಸರ ನಡುವೆ ದುಡಿಯಲು ಮನೆಯವರ ಒಪ್ಪಿಗೆ ದೊರೆಯಲಿಲ್ಲ. ಅನೇಕರ ಸಂಪಾದನೆ ನಿಂತುಹೋಯಿತು. ಹೆಂಗಸರಿಗೆಂದೇ ಪ್ರತ್ಯೇಕ ಕೇಂದ್ರಗಳನ್ನು ತೆರೆಯಬೇಕೆಂಬುದು ಹೊಳೆದದ್ದು ಅನಂತರ. ಮಗುವನ್ನು ಶಾಲೆಗೆ ಕಳುಹಿಸುವ ತಾಯಿಯ ಕೈಯಲ್ಲಿ ನಾಲ್ಕು ಕಾಸು ಇಲ್ಲದೆ ಹೋದರೆ ಮಗು ಶಾಲೆಯಲ್ಲಿ ಎಷ್ಟು ದಿನ ಉಳಿದೀತು? ನಮ್ಮಲ್ಲಿ ಹಾಜರಿ ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಬಂದ ಶಿಕ್ಷಕಿಯರಿಗೆ ಈ ಪ್ರಶ್ನೆಯ ತೂಕ ಗೊತ್ತು.

ಮೂರನೆಯದು ಅಂಗಿ. ಇದನ್ನು ಸ್ವಲ್ಪ ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಹೊಸೂರಿನಿಂದ ಬೆಂಗಳೂರಿನವರೆಗೆ ಸಿದ್ಧ ಉಡುಪಿನ ಕಾರ್ಖಾನೆಗಳಿವೆ, ನಮ್ಮ ಮಕ್ಕಳ ತಾಯಂದಿರು ಅನೇಕರು ಅಲ್ಲಿ ದುಡಿಯುತ್ತಾರೆ.

ಬಾಂಗ್ಲಾದೇಶದ ರಾಜಧಾನಿ ಢಾಕಾ ನಗರದ ಬಳಿಯ ಸಾವಾರ್ ಎಂಬಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡವಿತ್ತು. ಅದರ ಮೇಲಿನ ಅಂತಸ್ತುಗಳನ್ನು ಅನುಮತಿಯಿಲ್ಲದೆ ಕಟ್ಟಲಾಗಿತ್ತು. ಕೆಳಗೆ ಅಂಗಡಿಗಳು, ಒಂದು ಬ್ಯಾಂಕು. ಮೇಲೆ ಐದು ಉಡುಪಿನ ಕಾರ್ಖಾನೆಗಳು. 2013ರ ಏಪ್ರಿಲ್ 23ರಂದು ಗೋಡೆ ಕಂಬಗಳಲ್ಲಿ ಬಿರುಕುಗಳು ಕಂಡವು. ಬ್ಯಾಂಕಿನವರೂ ಅಂಗಡಿಯವರೂ ಬಾಗಿಲು ಹಾಕಿದರು. ಮರುದಿನ ಬೆಳಿಗ್ಗೆ ಉಡುಪಿನ ಕಾರ್ಮಿಕರನ್ನು ಮಾತ್ರ ಗದರಿಸಿ ಒಳಗೆ ಕಳುಹಿಸಲಾಯಿತು. ವಿದ್ಯುತ್ತು ಹೋಗಿ ಮೇಲಂತಸ್ತಿನ ಜನರೇಟರುಗಳು ಚಾಲನೆಗೊಂಡ ಸ್ವಲ್ಪ ಹೊತ್ತಿನಲ್ಲಿ, ಒಂಬತ್ತು ಗಂಟೆಗೆ ಮುಂಚೆ, ಇಡೀ ಕಟ್ಟಡ ಕುಸಿಯಿತು. 1,130ಕ್ಕೂ ಹೆಚ್ಚು ಜನ ಸತ್ತರು. ಸುಮಾರು 2,500 ಜನ ಗಾಯಗೊಂಡು ಉಳಿದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು.

ಆ ಕಟ್ಟಡದ ಕಾರ್ಖಾನೆಗಳನ್ನು ಯಾರೂ ಪರಿಶೀಲಿಸಿರಲಿಲ್ಲವೆಂದು ನಾವು ಭಾವಿಸಬಾರದು. ವಿದೇಶಿ ಕಂಪನಿಗಳ ಪರವಾಗಿ ಪರಿಶೋಧಕರು ಅಲ್ಲಿಯ ಕೆಲವು ಕಾರ್ಖಾನೆಗಳಿಗೆ ಹಿಂದೆಯೇ ಬಂದು ಹೋಗಿದ್ದರು. ಅವರ ಪಟ್ಟಿಯಲ್ಲಿ ಬೇರೆ ಪ್ರಶ್ನೆಗಳಿದ್ದವು, ಕಟ್ಟಡ ನಿಲ್ಲುವಷ್ಟು ಗಟ್ಟಿಯಾಗಿದೆಯೇ ಎಂಬ ಪ್ರಶ್ನೆ ಇರಲಿಲ್ಲ. ಒಂದೇ ಕಾರ್ಖಾನೆ ಹತ್ತು ಕಂಪನಿಗಳಿಗೆ ಬಟ್ಟೆ ಹೊಲಿಯುತ್ತಿದ್ದಾಗ ಹತ್ತೂ ಕಂಪನಿಗಳು ಬೇರೆ ಬೇರೆ ಪರಿಶೋಧಕರನ್ನು ಕಳುಹಿಸುತ್ತಿದ್ದವು. ವರದಿಗಳು ಅವರವರ ಕಪಾಟಿನಲ್ಲಿ ಉಳಿಯುತ್ತಿದ್ದವು. ಒಂದು ಕಂಪನಿ ತುರ್ತು ಬಾಗಿಲು ಬೇಕೆಂದು ಪಟ್ಟುಹಿಡಿದರೆ ಮಾಲೀಕನು ಅದನ್ನು ಬಿಟ್ಟು ಉಳಿದ ಒಂಬತ್ತು ಜನರಿಗೆ ಹೊಲಿಯಬಹುದಾಗಿತ್ತು. ಕಂಪನಿಗಳು ಕೂಡಬೇಕಾದ ನಿಜವಾದ ಕಾರಣ ಇದು. ಒಳ್ಳೆಯದನ್ನು ಮಾಡಲು ಹೊರಟ ಒಬ್ಬನಿಗೆ ಖರ್ಚು, ಮಾಡದ ಒಂಬತ್ತು ಮಂದಿಗೆ ಲಾಭ ಎಂಬ ಸ್ಥಿತಿ ಇರುವವರೆಗೆ ಒಳ್ಳೆಯತನ ಬಹುಕಾಲ ನಿಲ್ಲಲಾರದು.

ಇನ್ನೊಂದು ಸಂಗತಿಯನ್ನು ಓದಿದಾಗ ನಮಗೆ ಬಹಳ ನೋವಾಯಿತು. ಸುರಕ್ಷತೆಗಾಗಿ ಕೂಡಿ ದುಡಿಯುವ ಒಪ್ಪಂದದ ಕರಡು ರಾಣಾ ಪ್ಲಾಜಾ ಕುಸಿಯುವುದಕ್ಕೆ ಮುಂಚೆಯೇ ಸಿದ್ಧವಾಗಿತ್ತು. ಕಾರ್ಮಿಕ ಸಂಘಗಳು ಅದನ್ನು ಕಂಪನಿಗಳ ಮುಂದೆ ಇಟ್ಟಿದ್ದವು. ನಾಲ್ಕು ಕಂಪನಿಗಳು ಸಹಿ ಹಾಕಿದರೆ ಅದು ಜಾರಿಗೆ ಬರಬೇಕಾಗಿತ್ತು. 2012ರಲ್ಲಿ ಅಮೆರಿಕದ ಒಂದು ಕಂಪನಿ ಸಹಿ ಹಾಕಿತು, ಆಮೇಲೆ ಜರ್ಮನಿಯ ಒಂದು ಕಂಪನಿ ಸಹಿ ಹಾಕಿತು. ಉಳಿದ ಎರಡು ಸಹಿಗಳು ಬರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ತಾಜ್ರೀನ್ ಎಂಬ ಕಾರ್ಖಾನೆಗೆ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಆಗಲೂ ಬರಲಿಲ್ಲ. ರಾಣಾ ಪ್ಲಾಜಾ ಕುಸಿದ ಮೇಲೆ ಕೆಲವೇ ವಾರಗಳಲ್ಲಿ ಹತ್ತಾರು ಸಹಿಗಳು ಬಂದವು. ಮುಂದೆ ಅವುಗಳ ಸಂಖ್ಯೆ 200ನ್ನು ಮೀರಿತು.

2013ರ ಮೇ ತಿಂಗಳಿನಲ್ಲಿ ಆದ ಆ ಒಪ್ಪಂದವನ್ನು ಬಾಂಗ್ಲಾದೇಶದ ಅಗ್ನಿ ಮತ್ತು ಕಟ್ಟಡ ಸುರಕ್ಷತಾ ಒಪ್ಪಂದವೆಂದು ಕರೆಯಬಹುದು. ಅದು ಹಿಂದಿನವುಗಳಿಗಿಂತ ಹೇಗೆ ಬೇರೆ ಎಂಬುದನ್ನು ಗಮನಿಸಬೇಕು. ಮೊದಲನೆಯದಾಗಿ, ಅದು ಕಂಪನಿಗಳು ತಮ್ಮೊಳಗೇ ಮಾಡಿಕೊಂಡ ಮಾತಲ್ಲ. ಒಂದು ಕಡೆ ಕಂಪನಿಗಳು, ಇನ್ನೊಂದು ಕಡೆ ಕಾರ್ಮಿಕ ಸಂಘಗಳು. ನಡೆಸುವ ಸಮಿತಿಯಲ್ಲಿ ಇಬ್ಬರಿಗೂ ಸಮಾನ ಸ್ಥಾನ, ಮಧ್ಯದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಪ್ರತಿನಿಧಿ. ಎರಡನೆಯದಾಗಿ, ಎಲ್ಲರಿಗೂ ಒಂದೇ ಪರಿವೀಕ್ಷಣೆ. ಸ್ವತಂತ್ರ ಮುಖ್ಯ ಪರಿವೀಕ್ಷಕರ ಕೈಕೆಳಗೆ ಎಂಜಿನಿಯರುಗಳು ಸುಮಾರು 1,600 ಕಾರ್ಖಾನೆಗಳ ಕಂಬ, ತೊಲೆ, ವಿದ್ಯುತ್ ತಂತಿ, ಮೆಟ್ಟಿಲು, ಬಾಗಿಲುಗಳನ್ನು ಪರೀಕ್ಷಿಸಿದರು. ಮೂರನೆಯದಾಗಿ, ವರದಿಗಳನ್ನು ಬಹಿರಂಗವಾಗಿ ಪ್ರಕಟಿಸಿದರು. ಇಂಥ ಕಾರ್ಖಾನೆಯ ಇಂಥ ಅಂತಸ್ತಿನಲ್ಲಿ ಈ ದೋಷವಿದೆ, ಇಂಥ ದಿನದೊಳಗೆ ಸರಿಪಡಿಸಬೇಕು ಎಂಬುದನ್ನು ಯಾರು ಬೇಕಾದರೂ ಓದಬಹುದಾಗಿತ್ತು. ನಾಲ್ಕನೆಯದಾಗಿ, ದುರಸ್ತಿ ಮಾಡದ ಕಾರ್ಖಾನೆಯಿಂದ ಸದಸ್ಯರಾದ ಯಾವ ಕಂಪನಿಯೂ ಬಟ್ಟೆ ಕೊಳ್ಳುವಂತಿರಲಿಲ್ಲ. ಐದನೆಯದಾಗಿ, ಕಂಪನಿ ಮಾತಿಗೆ ತಪ್ಪಿದರೆ ಸಂಘಗಳು ಅದನ್ನು ಮಧ್ಯಸ್ಥ ನ್ಯಾಯಮಂಡಳಿಗೆ ಎಳೆಯಬಹುದಾಗಿತ್ತು. 2016ರಲ್ಲಿ ಸಂಘಗಳು ಹಾಗೆ ಎರಡು ಪ್ರಕರಣಗಳನ್ನು ಹೇಗ್ ನಗರದ ಮಧ್ಯಸ್ಥಿಕೆ ನ್ಯಾಯಾಲಯಕ್ಕೆ ಒಯ್ದವು. ಒಂದರಲ್ಲಿ ಕಂಪನಿಯು 20 ಲಕ್ಷ ಡಾಲರಿಗೂ ಹೆಚ್ಚು ಹಣ ತೆರಲು ಒಪ್ಪಿ ರಾಜಿಯಾಯಿತು.

ಪರಿಣಾಮವೇನು? ಲಕ್ಷಕ್ಕೂ ಹೆಚ್ಚು ದೋಷಗಳು ಪತ್ತೆಯಾದವು. ಮೊದಲ ಐದು ವರ್ಷಗಳಲ್ಲಿ ಆರಂಭಿಕ ಪರಿವೀಕ್ಷಣೆಯ ದೋಷಗಳಲ್ಲಿ ಶೇಕಡ 80ಕ್ಕೂ ಹೆಚ್ಚು ಸರಿಯಾದವು. ಬೀಗ ಹಾಕುತ್ತಿದ್ದ ಬಾಗಿಲುಗಳನ್ನು ತೆಗೆದು ಬೆಂಕಿಯನ್ನು ತಡೆಯುವ ಬಾಗಿಲುಗಳನ್ನು ಇಟ್ಟರು. ಅಪಾಯದ ಕಟ್ಟಡಗಳನ್ನು ತೆರವು ಮಾಡಿಸಿದರು. ಅಪಾಯವಿದೆಯೆಂದು ಕಂಡಾಗ ಒಳಗೆ ಹೋಗಲಾರೆ ಎನ್ನುವ ಹಕ್ಕನ್ನು ಕಾರ್ಮಿಕರಿಗೆ ಬರೆದು ಕೊಟ್ಟರು; ದುರಸ್ತಿಗಾಗಿ ಕಾರ್ಖಾನೆ ಮುಚ್ಚಿದರೆ ಆರು ತಿಂಗಳವರೆಗೆ ಸಂಬಳ ನಿಲ್ಲಬಾರದೆಂಬ ನಿಯಮವನ್ನೂ ಸೇರಿಸಿದರು. ಈ ಎರಡು ಮಾತುಗಳು ಒಟ್ಟಿಗೆ ಇರಲೇಬೇಕು. ಸಂಬಳ ಹೋಗುವ ಭಯವಿದ್ದರೆ ಬಿರುಕನ್ನು ಕಂಡ ಕಾರ್ಮಿಕಳು ಬಾಯಿ ಬಿಡುವುದಿಲ್ಲ.

ಈ ಒಪ್ಪಂದಕ್ಕೂ ಮಿತಿಗಳಿವೆ. ಕೂಲಿಯ ಪ್ರಶ್ನೆಯನ್ನು ಅದು ಮುಟ್ಟಲಿಲ್ಲ. ದೊಡ್ಡ ಕಾರ್ಖಾನೆಗಳಿಂದ ಕೆಲಸ ಪಡೆಯುವ ಸಣ್ಣಪುಟ್ಟ ಒಳಗುತ್ತಿಗೆಯ ಹೊಲಿಗೆಮನೆಗಳು ಅನೇಕ ಅದರ ಹೊರಗೇ ಉಳಿದವು. ದುರಸ್ತಿಯ ಖರ್ಚಿನ ಭಾರ ತಮ್ಮ ಮೇಲೆ ಬಿತ್ತು, ಕೊಳ್ಳುವವರು ಬೆಲೆಯನ್ನು ಮಾತ್ರ ಏರಿಸಲಿಲ್ಲ ಎಂದು ಅಲ್ಲಿಯ ಮಾಲೀಕರು ದೂರಿದರು. ಆ ದೂರಿನಲ್ಲಿ ನ್ಯಾಯವಿಲ್ಲವೆನ್ನಲಾಗದು. ಗಾಯಗೊಂಡವರಿಗೂ ಸತ್ತವರ ಕುಟುಂಬಗಳಿಗೂ ಪರಿಹಾರ ಕೊಡಲು ಬೇರೊಂದು ನಿಧಿ ಮಾಡಿದರು. ಅದಕ್ಕೆ ಕಂಪನಿಗಳು ಇಷ್ಟವಿದ್ದರೆ ಕೊಡಬಹುದಾಗಿತ್ತು. ಬೇಕಾಗಿದ್ದ 3 ಕೋಟಿ ಡಾಲರು ತುಂಬಲು ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಒಂದೇ ದುರಂತ, ಬಹುಮಟ್ಟಿಗೆ ಅವೇ ಕಂಪನಿಗಳು. ಕಟ್ಟುಪಾಡು ಇದ್ದ ಕಡೆ ಕೆಲಸ ಸಾಗಿತು, ಇಲ್ಲದ ಕಡೆ ತಡವಾಯಿತು.

ಬಾಂಗ್ಲಾದೇಶ ದೂರವಾಯಿತೆಂದು ಯಾರಾದರೂ ಹೇಳಿದರೆ, ನಾವು ಇರುವ ತಮಿಳುನಾಡಿನಲ್ಲಿಯೇ ಒಂದು ನಿದರ್ಶನವಿದೆ. ದಿಂಡಿಗಲ್ ಜಿಲ್ಲೆಯ ಉಡುಪಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಯುವತಿಯೊಬ್ಬಳ ಕೊಲೆ 2021ರಲ್ಲಿ ನಡೆಯಿತು. ಆ ಬಳಿಕ ಅಲ್ಲಿಯ ಮಹಿಳೆಯರು ಮುನ್ನಡೆಸುವ ಕಾರ್ಮಿಕ ಸಂಘ ಹಿಂದೆ ಸರಿಯದೆ ನಿಂತಿತು. 2022ರಲ್ಲಿ ಆ ಸಂಘ, ಕಾರ್ಖಾನೆಯ ಮಾಲೀಕ ಸಂಸ್ಥೆ ಮತ್ತು ಅಲ್ಲಿಂದ ಬಟ್ಟೆ ಕೊಳ್ಳುವ ವಿದೇಶಿ ಕಂಪನಿಗಳು ಕೂಡಿ ಹೆಣ್ಣುಮಕ್ಕಳ ಮೇಲಿನ ಕಿರುಕುಳವನ್ನು ತಡೆಯುವ ಕಟ್ಟುಪಾಡಿನ ಒಪ್ಪಂದಕ್ಕೆ ಬಂದವು. ಅದು ದಿಂಡಿಗಲ್ ಒಪ್ಪಂದವೆಂದು ಹೆಸರಾಗಿದೆ. ಕೆಲಸದ ಜಾಗದಲ್ಲಿಯೇ ಕಾರ್ಮಿಕ ಮಹಿಳೆಯರಿಗೆ ತರಬೇತಿ ಕೊಟ್ಟು, ಕಿರುಕುಳವನ್ನು ಗುರುತಿಸಿ ವರದಿ ಮಾಡುವ ಹೊಣೆಯನ್ನು ಅವರಿಗೇ ವಹಿಸಿದರು. ಕಾರ್ಖಾನೆ ಮಾತಿಗೆ ತಪ್ಪಿದರೆ ಕೊಳ್ಳುವವರು ಅದರ ಮೇಲೆ ವ್ಯಾಪಾರದ ಒತ್ತಡ ತರಬೇಕು.

ಇನ್ನು ನಮ್ಮ ದೇಶದ ಕಾನೂನಿನ ವಿಷಯ. ರಾಣಾ ಪ್ಲಾಜಾ ಕುಸಿದ 2013ರಲ್ಲಿಯೇ ನಮ್ಮ ಸಂಸತ್ತು ಹೊಸ ಕಂಪನಿ ಕಾಯಿದೆಯನ್ನು ಮಾಡಿತು. ಅದರ 135ನೆಯ ಕಲಮಿನಂತೆ 500 ಕೋಟಿ ರೂಪಾಯಿ ನಿವ್ವಳ ಆಸ್ತಿ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು. 2014ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಹಲವು ಕಂಪನಿಗಳು ಕೂಡಿ ಒಂದೇ ಯೋಜನೆಯನ್ನು ಕೈಗೊಳ್ಳಲೂ ನಿಯಮಗಳಲ್ಲಿ ಅವಕಾಶವಿದೆ. ಆದರೆ ಪ್ರತಿಯೊಂದು ಕಂಪನಿಯೂ ತನ್ನ ಪಾಲಿನ ಲೆಕ್ಕವನ್ನು ಪ್ರತ್ಯೇಕವಾಗಿ ಕೊಡಬೇಕು. ನಮ್ಮ ಶೌಚಾಲಯದ ಕೆಲಸದಲ್ಲಿ ಈ ನಿಯಮ ಉಪಯೋಗಕ್ಕೆ ಬಂದಿತು. ಕಥೆಯ ಅರಸನಿಗೆ ಇಂಥ ಮಂತ್ರಿಯೊಬ್ಬನಿದ್ದಿದ್ದರೆ ಕೊಳದಲ್ಲಿ ಹಾಲೇ ತುಂಬುತ್ತಿತ್ತೇನೋ.

ಈ ಕಾನೂನಿನಿಂದ ನಮ್ಮಂಥ ಶಾಲೆಗಳಿಗೆ ಉಪಕಾರವಾಗಿದೆ. ಅದನ್ನು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಅದು ಒಂದು ತಪ್ಪು ತಿಳಿವಳಿಕೆಗೂ ಎಡೆಮಾಡಿದೆ. ತನ್ನ ಸಿಬ್ಬಂದಿಯ ಹಿತಕ್ಕೆಂದೇ ಮಾಡಿದ ಖರ್ಚು ಈ ಶೇಕಡ 2ರ ಲೆಕ್ಕಕ್ಕೆ ಸೇರುವುದಿಲ್ಲ. ಸೇರಬಾರದೆಂಬುದೂ ಸರಿಯೇ, ಅದು ಹೇಗಿದ್ದರೂ ಮಾಡಲೇಬೇಕಾದ ಕರ್ತವ್ಯ. ಹೀಗಾಗಿ ಸಾಮಾಜಿಕ ಹೊಣೆಗಾರಿಕೆಯೆಂದರೆ ಲಾಭ ಬಂದ ಮೇಲೆ ಅದರಲ್ಲಿ ಒಂದಿಷ್ಟನ್ನು ಕೊಡುವುದು ಎಂಬ ಭಾವನೆ ಜನರಲ್ಲಿ ಬೇರೂರಿತು. ಆ ಲಾಭ ಬಂದ ಬಗೆ ಹೇಗೆ ಎಂಬುದು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ. ಶೌಚಾಲಯ ಉದ್ಘಾಟನೆಯಾದ ಕೆಲವು ದಿನಗಳಲ್ಲಿ ಐದನೆಯ ತರಗತಿಯ ಮಗುವೊಂದರ ತಾಯಿ ನಮ್ಮನ್ನು ಕಾಣಲು ಬಂದರು. ಅವರು ದುಡಿಯುವ ಹೊಲಿಗೆ ವಿಭಾಗದಲ್ಲಿ ಹಿಂದಿನ ಬಾಗಿಲಿಗೆ ಕೆಲಸದ ಹೊತ್ತಿನಲ್ಲಿ ಬೀಗ ಹಾಕುತ್ತಾರೆ, ಬಟ್ಟೆ ಕಳುವಾಗಬಾರದೆಂದು ಹಾಗೆ ಮಾಡುತ್ತಾರೆ, ಇದು ಸರಿಯೇ ಎಂದು ಕೇಳಿದರು. ಸರಿಯಲ್ಲವೆಂದು ನಮಗೆ ಗೊತ್ತಿತ್ತು. ಆದರೆ ಆ ಕಾರ್ಖಾನೆ ನಮಗೆ ನೆರವು ಕೊಟ್ಟವರಿಗೆ ಸಂಬಂಧಿಸಿದ್ದು. ಕೊಟ್ಟವರ ಮನಸ್ಸು ನೋಯಿಸಬಾರದೆಂದು ನಾವು ಆ ತಾಯಿಗೆ ಸಮಾಧಾನದ ಮಾತು ಹೇಳಿ ಕಳುಹಿಸಿದೆವು. ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಹದಿನೈದು ದಿನಗಳ ಬಳಿಕ, ಆ ತಾಯಿಯ ಹೆಸರನ್ನು ಹೇಳದೆ, ಕಂಪನಿಯ ಅಧಿಕಾರಿಗಳಿಗೆ ವಿಷಯ ತಿಳಿಸಿದೆವು. ಅವರು ಕೋಪಿಸಿಕೊಳ್ಳಲಿಲ್ಲ. ಬೀಗ ತೆಗೆದಿದ್ದಾರೆಂದು ಆ ತಾಯಿಯೇ ಮುಂದೆ ಬಂದು ಹೇಳಿದರು. ಆ ಹದಿನೈದು ದಿನಗಳಲ್ಲಿ ಒಂದು ಕಿಡಿ ಬಿದ್ದಿದ್ದರೆ ನಾವು ಯಾರಿಗೆ ಮುಖ ತೋರಿಸಬಹುದಾಗಿತ್ತು? ಅಂದು ಕೊಳಕ್ಕೆ ನೀರು ಸುರಿದವರಲ್ಲಿ ನಾವೂ ಒಬ್ಬರಾಗಿದ್ದೆವು.

ಆದುದರಿಂದ ಶಾಲೆಯ ಎರಡನೆಯ ಶತಮಾನದ ಹೊಸ್ತಿಲಿನಲ್ಲಿ ಕೆಲವು ವಿನಂತಿಗಳನ್ನು ನಿಮ್ಮ ಮುಂದಿಡುತ್ತೇವೆ.

ನೆರವು ನೀಡುವ ಸಂಸ್ಥೆಗಳಲ್ಲಿ ನಮ್ಮ ಕೋರಿಕೆ ಇದು. ವರ್ಷಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಬನ್ನಿ. ಯಾರು ಏನು ಮಾಡುತ್ತೇವೆಂದು ಹೇಳಿದರು, ಯಾವ ದಿನದೊಳಗೆ, ಎಷ್ಟು ಆಯಿತು ಎಂಬುದನ್ನು ಶಾಲೆಯ ಮುಂಬಾಗಿಲಿನ ಫಲಕದಲ್ಲಿ ಬರೆಯುತ್ತೇವೆ. ಶಾಲೆ ಮಾಡುತ್ತೇನೆಂದು ಹೇಳಿ ಮಾಡದೆ ಉಳಿದುದನ್ನೂ ಅದೇ ಫಲಕದಲ್ಲಿ ಬರೆಯುತ್ತೇವೆ. ಇದಕ್ಕಿಂತ ದೊಡ್ಡ ಕೋರಿಕೆ ಇನ್ನೊಂದಿದೆ: ನಿಮ್ಮ ಕಾರ್ಖಾನೆಗಳ ತುರ್ತು ಬಾಗಿಲು, ಬಸ್ಸು, ಶಿಶುಮಂದಿರ, ದೂರು ಸಮಿತಿ ಇವುಗಳ ವಿಷಯದಲ್ಲಿಯೂ ಇದೇ ಊರಿನ ಇತರ ಕಾರ್ಖಾನೆಗಳೊಡನೆ ಕೂಡಿ ಒಂದೇ ಮಟ್ಟವನ್ನು ಒಪ್ಪಿಕೊಳ್ಳಿ, ಅದನ್ನು ನೋಡಲು ಹೊರಗಿನವರಿಗೂ ಕಾರ್ಮಿಕರ ಪ್ರತಿನಿಧಿಗಳಿಗೂ ಬಾಗಿಲು ತೆರೆಯಿರಿ.

ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಸರಕು ಕೊಳ್ಳುವ ವಿಭಾಗಗಳಲ್ಲಿ, ಪರಿಶೋಧನೆಯ ಕೆಲಸದಲ್ಲಿ ಇದ್ದೀರಿ. ನಿಮ್ಮ ಕೈಯಲ್ಲಿರುವ ಪಟ್ಟಿಯಲ್ಲಿ ಇಲ್ಲದ ಬಿರುಕು ಕಣ್ಣಿಗೆ ಬಿದ್ದರೆ ಪಟ್ಟಿಯ ಹೊರಗೆ ಬರೆಯಿರಿ. ಎರಡು ಸಹಿಗಳು ಸಾಲದೆ ನಿಂತುಹೋದ ಒಪ್ಪಂದವನ್ನು ನೆನೆಯಿರಿ. ಮೂರನೆಯ ಸಹಿ ನಿಮ್ಮ ಮೇಜಿನ ಮೇಲೆ ಕಾದಿರಬಹುದು.

ಪೋಷಕರಿಗೆ, ಅದರಲ್ಲಿಯೂ ತಾಯಂದಿರಿಗೆ, ಒಂದು ಮಾತು. ಕನ್ನಡ ಶಾಲೆಯಲ್ಲಿ ಓದಿ ಏನು ಪ್ರಯೋಜನ, ಕಾರ್ಖಾನೆಯಲ್ಲಿ ತಮಿಳೋ ಇಂಗ್ಲಿಷೋ ಬೇಕಲ್ಲವೆ ಎಂದು ನೀವು ನಮ್ಮನ್ನು ಕೇಳುತ್ತೀರಿ. ಆ ಭಾಷೆಗಳನ್ನೂ ನಮ್ಮ ಮಕ್ಕಳು ಕಲಿಯುತ್ತಾರೆ, ಕಲಿಯಲೇಬೇಕು. ಆದರೆ ಬಾಂಗ್ಲಾದೇಶದ ಆ ಪರಿವೀಕ್ಷಣಾ ವರದಿಗಳನ್ನು ಇಂಗ್ಲಿಷಿನಲ್ಲಿ ಮಾತ್ರವಲ್ಲದೆ ಬಂಗಾಳಿಯಲ್ಲಿಯೂ ಪ್ರಕಟಿಸಿದರೆಂಬುದನ್ನು ಮರೆಯಬೇಡಿ. ತನ್ನ ತಲೆಯ ಮೇಲಿನ ತೊಲೆ ಗಟ್ಟಿಯೇ ಎಂಬುದನ್ನು ಮನುಷ್ಯ ತನ್ನ ಭಾಷೆಯಲ್ಲಿ ಓದಿ ತಿಳಿಯುವಂತಿರಬೇಕು. ಓದಿದ್ದನ್ನು ಅರ್ಥಮಾಡಿಕೊಂಡು, ಅಂಜದೆ ಪ್ರಶ್ನೆ ಕೇಳುವ ಅಭ್ಯಾಸ ಬಾಲ್ಯದಲ್ಲಿ ತಾಯ್ನುಡಿಯಲ್ಲಿ ಬೆಳೆದರೆ ಮುಂದೆ ಅದು ಯಾವ ಭಾಷೆಯ ಊರಿನಲ್ಲಿಯೂ ಕೈಬಿಡುವುದಿಲ್ಲ. ನಮ್ಮ ಶಾಲೆಯ ಹೆಣ್ಣುಮಗಳೊಬ್ಬಳು ಮುಂದೆ ಯಾವುದೋ ಕಟ್ಟಡದ ಗೋಡೆಯಲ್ಲಿ ಬಿರುಕು ಕಂಡಾಗ, ಒಳಗೆ ಹೋಗುವುದಿಲ್ಲ ಎಂದು ಹೇಳಿ, ಹೇಳಿದ ಮೇಲೂ ಕೆಲಸ ಉಳಿಸಿಕೊಂಡು ಸಂಜೆ ಮನೆಗೆ ಮರಳಿದರೆ, ಈ ಶಾಲೆಯ ನೂರು ವರ್ಷಗಳು ಸಾರ್ಥಕವಾದವೆಂದು ನಾವು ತಿಳಿಯುತ್ತೇವೆ.